ಒಂದೇ ಗೆರೆ

ಬೋಗುಣಿಯ ನೀರು ಎರಡೇ ನಿಮಿಷದಲ್ಲಿ ಕೆಂಪಾಯಿತು.

ಹೊಸಪೇಟೆಯ ಗುಜರಿ ಅಂಗಡಿಯೊಂದರಿಂದ ತಂದ ಗ್ರಾಮಫೋನ್ ಪ್ಲೇಟನ್ನು ಹಿತ್ತಲ ಕಟ್ಟೆಯ ಮೇಲೆ ಕೂತು ತೊಳೆಯುತ್ತಿದ್ದೆ. ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಹಳೆಯ ಪಂಚೆಯ ಒಂದು ತುಂಡು. ನಡುವಿನ ಕಾಗದಕ್ಕೆ ನೀರು ತಾಗದ ಹಾಗೆ ಅಂಗೈ ಅಡ್ಡ ಇಟ್ಟುಕೊಂಡು, ಗೆರೆ ಸುತ್ತುವ ದಿಕ್ಕಿನಲ್ಲೇ ಬಟ್ಟೆ ಆಡಿಸಬೇಕು. ಅಡ್ಡಡ್ಡ ಉಜ್ಜಿದರೆ ಕೊಳೆ ಇನ್ನೂ ಒಳಗಿಳಿಯುತ್ತದೆ. ಬಟ್ಟೆ ಹಿಂಡಿದಾಗಲೆಲ್ಲ ಇಳಿಯುತ್ತಿದ್ದ ಆ ಬಣ್ಣ ನನಗೆ ಹೊಸದೇನಲ್ಲ. ಸಂಡೂರಿನ ಗುಡ್ಡಗಳ ಬಣ್ಣ ಅದು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವವರೆಗೆ ನಮ್ಮ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ನಮ್ಮೂರು ಮರಿಯಮ್ಮನಹಳ್ಳಿಯಲ್ಲಿ ಬೇವಿನ ಎಲೆ, ಒಣಹಾಕಿದ ಬಟ್ಟೆ, ಎಮ್ಮೆಯ ಬೆನ್ನು ಎಲ್ಲಕ್ಕೂ ಒಂದೇ ಬಣ್ಣ ಬಂದಿದ್ದ ವರ್ಷಗಳವು. ಆ ದೂಳು ಯಾರದೋ ಮನೆಯ ಅಟ್ಟದ ಮೇಲಿದ್ದ ಈ ಪ್ಲೇಟಿನ ಗೆರೆಯೊಳಗೂ ಹೋಗಿ ಕೂತಿತ್ತು.

ನೀರು ತಿಳಿಯಾಗುವ ಹೊತ್ತಿಗೆ ಮೂರು ಬೋಗುಣಿ ಚೆಲ್ಲಿದ್ದೆ. ನೆರಳಲ್ಲಿ ಆರಿಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪಿನ ಮೇಲೆ ಬಿಸಿಲು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ನಡುವಿನ ಕಾಗದದ ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು: ಸನಾದಿ ಅಪ್ಪಣ್ಣ.

ಸನಾದಿ ಎಂಬ ಮಾತು ನಮ್ಮ ಕಡೆಯದು. ಮೈಸೂರು ಸೀಮೆಯವರು ಓಲಗ ಎನ್ನುವಲ್ಲಿ ನಾವು ಸನಾದಿ ಎನ್ನುತ್ತೇವೆ. ಮದುವೆ ಹಂದರದ ಬಾಗಿಲಲ್ಲಿ ಭಜಂತ್ರಿಯವರು ಊದುವುದು ಅದನ್ನೇ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು 1977ರಲ್ಲಿ ಸಿನಿಮಾ ಮಾಡಿದಾಗ ಅಪ್ಪಣ್ಣನ ಪಾತ್ರ ರಾಜ್‌ಕುಮಾರ್ ಅವರದಾಯಿತು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅಪ್ಪಣ್ಣ ತುಟಿಗಿಟ್ಟ ಸನಾದಿಯಿಂದ ಹೊರಟ ಉಸಿರು ಮಾತ್ರ ಉಸ್ತಾದ್ ಬಿಸ್ಮಿಲ್ಲಾ ಖಾನರದು. ಕಾಶಿಯ ಗಂಗೆಯ ದಡದಲ್ಲಿ ಪಳಗಿದ ಉಸಿರು ಕನ್ನಡದ ಒಬ್ಬ ಹಳ್ಳಿ ಕಲಾವಿದನ ಎದೆಯಿಂದ ಬಂದಂತೆ ಕೇಳಿಸಿತು. ಅದರ ಜೊತೆಗೆ ಎಸ್. ಜಾನಕಿಯವರ ದನಿ. ಸನಾದಿ ಎಲ್ಲಿ ಬಿಟ್ಟಿತು, ದನಿ ಎಲ್ಲಿ ಹಿಡಿಯಿತು ಎಂದು ಬೆರಳಿಟ್ಟು ತೋರಿಸಲು ನನಗೆ ಇವತ್ತಿಗೂ ಆಗುವುದಿಲ್ಲ.

ನನ್ನ ಅಚ್ಚರಿ ಶುರುವಾದದ್ದು ಇಂಥ ಒಂದು ಪ್ಲೇಟಿನಿಂದಲೇ.

ನಮ್ಮಪ್ಪ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಾವು ಅನ್ನುವುದು ಪೇಟಿ ಅಂತ. ಸುಗ್ಗಿ ಮುಗಿದು ಜಾತ್ರೆಗಳು ಬಂದವೆಂದರೆ ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಕಲಿಯುವ ಹುರುಪು ಏಳುತ್ತಿತ್ತು; ಊರಿನ ಹುಡುಗರಿಗೆ ತಿಂಗಳುಗಟ್ಟಲೆ ಮಾತು, ಹಾಡು, ಹೆಜ್ಜೆ ಕಲಿಸುವವರು ಮಾಸ್ತರರು. ಹೆಣ್ಣು ಪಾತ್ರಕ್ಕೆ ಕಲಾವಿದೆಯರು ಬೇಕೆಂದರೆ ಬರಬೇಕಾದದ್ದು ನಮ್ಮೂರಿಗೇ. ಮರಿಯಮ್ಮನಹಳ್ಳಿ ಎಂದರೆ ನಾಟಕದ ಹೆಣ್ಣುಮಕ್ಕಳ ಊರು. ರಂಗಕಲಾವಿದೆ ಡಾ. ಕೆ. ನಾಗರತ್ನಮ್ಮ ಈ ಊರಿನವರು. ಜೋಗತಿ ನೃತ್ಯವನ್ನು ರಂಗಕ್ಕೆ ತಂದು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರೂ ಇಲ್ಲಿಯೇ ನೆಲೆ ನಿಂತವರು. ನಾಟಕದ ಪದಗಳಿಗೆ ಧಾಟಿ ಬೇಕಲ್ಲ, ಅದಕ್ಕೆ ಹಳೆಯ ಮಟ್ಟುಗಳ ಜೊತೆ ಹೊಸ ಸಿನಿಮಾ ಹಾಡುಗಳೂ ಒದಗುತ್ತಿದ್ದವು. ಸಿನಿಮಾದ ಧಾಟಿ ಹಿಡಿದು ನಾಟಕದ ಸಂದರ್ಭಕ್ಕೆ ಒಪ್ಪುವ ಬೇರೆ ಮಾತು ಕಟ್ಟಿ ಕೂರಿಸುವುದು ಅಪ್ಪನಿಗೆ ಬಂದಿದ್ದ ವಿದ್ಯೆ.

ಆ ಕೆಲಸಕ್ಕೆಂದೇ ಅವರು ಮೈಕ್‌ಸೆಟ್ಟಿನವರೊಬ್ಬರಿಂದ ಹಳೆಯದೊಂದು ಪ್ಲೇಯರ್ ಕೊಂಡಿದ್ದರು. ಒಂದು ಹಾಡಿನ ಒಂದೇ ಜಾಗಕ್ಕೆ ಮುಳ್ಳನ್ನು ಇಪ್ಪತ್ತು ಸಲ ಎತ್ತಿ ಇಡುವುದು, ಪೇಟಿಯ ಮೇಲೆ ಆ ತಿರುವು ಸಿಗುವತನಕ ಬಿಡದಿರುವುದು. ಮುಳ್ಳು ಇಡುವಾಗ ಅವರ ಬೆರಳು ನಡುಗುತ್ತಿರಲಿಲ್ಲ. ಹಸುಗೂಸನ್ನು ತೊಟ್ಟಿಲಿಗೆ ಇಳಿಸುವವರ ಕೈ ಅದು.

ಎಂಟು ವರ್ಷದವನಿದ್ದೆ. ಪ್ಲೇಟನ್ನು ಕಣ್ಣ ಹತ್ತಿರ ಹಿಡಿದು ಗೆರೆ ಎಣಿಸಲು ನೋಡಿ ಸೋತು, "ಅಪ್ಪಾ, ಇದರಾಗ ಗೆರಿ ಎಷ್ಟದಾವು?" ಎಂದು ಕೇಳಿದೆ.

"ಒಂದು."

ಸುಳ್ಳು ಅಂದುಕೊಂಡೆ. ಅಪ್ಪ ಒಡೆದ ಪ್ಲೇಟೊಂದನ್ನು ತಂದು, ಹೊಲಿಗೆ ಸೂಜಿಯನ್ನು ಅದರ ಅಂಚಿನ ಗೆರೆಯಲ್ಲಿ ಇಡಿಸಿ, ಪ್ಲೇಟನ್ನು ನಿಧಾನಕ್ಕೆ ತಿರುಗಿಸಿದರು. ಸೂಜಿ ನನ್ನ ಕೈಯನ್ನು ತಾನೇ ಎಳೆದುಕೊಂಡು ಒಳಗೊಳಗೆ ಹೊರಟಿತು. ಒಡಕಿನ ಹತ್ತಿರ ಬಂದಾಗ ಟಕ್ಕೆಂದು ಹಾರಿತು, ಮತ್ತೆ ಇಟ್ಟೆ, ಮತ್ತೆ ಒಳಗೆ ನಡೆಯಿತು. ಗೆರೆಯನ್ನು ದಾಟಿ ಪಕ್ಕದ ಗೆರೆಗೆ ಹೋಗಬೇಕಾಗಲೇ ಇಲ್ಲ. ಪಕ್ಕದ್ದೂ ಅದೇ. ಚಕ್ಕುಲಿಯ ಸುತ್ತಿನ ಹಾಗೆ ಹೊರಗಿನ ಅಂಚಿನಿಂದ ನಡುವಿನ ಕಾಗದದವರೆಗೆ ಕಡಿಯದೆ ಸುತ್ತಿಕೊಂಡ ಒಂದೇ ಒಂದು ಗೆರೆ.

ದೊಡ್ಡವನಾದ ಮೇಲೆ ಲೆಕ್ಕ ಹಾಕಿದ್ದುಂಟು. ಹನ್ನೆರಡು ಅಂಗುಲದ ದೊಡ್ಡ ಪ್ಲೇಟು ನಿಮಿಷಕ್ಕೆ ಮೂವತ್ಮೂರೂ ಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಒಂದು ಬದಿ ಇಪ್ಪತ್ತೆರಡು ನಿಮಿಷ ಹಾಡಿದರೆ ಏಳುನೂರು ಸುತ್ತಿಗೂ ಮೇಲಾಯಿತು. ಆ ಗೆರೆಯನ್ನು ಬಿಚ್ಚಿ ನೆಲಕ್ಕೆ ಹಾಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರು! ನಮ್ಮ ಮನೆಯ ಮೆಟ್ಟಿಲಿಂದ ಹಿಡಿದರೆ ಬಸ್ ನಿಲ್ದಾಣದ ತನಕ ಸಾಗೀತು. ಅಗಲವೋ, ತಲೆಗೂದಲಿನಷ್ಟು. ಅಷ್ಟುದ್ದದ ಆ ಕೂದಲ ದಾರಿಯಲ್ಲಿ ಒಂದು ಚೂಪಾದ ಮುಳ್ಳು ಎಡಕ್ಕೂ ಬಲಕ್ಕೂ ತುಯ್ಯುತ್ತ ಹೋಗುತ್ತದೆ. ಅಲ್ಲಿ ನಡೆಯುವುದು ಅಷ್ಟೇ. ನಮ್ಮ ಹಳೆಯ ಸಿನಿಮಾ ಪ್ಲೇಟುಗಳಲ್ಲಿ ಹೆಚ್ಚಿನವು ಸ್ಟೀರಿಯೋ ಅಲ್ಲವಾದ್ದರಿಂದ ಮುಳ್ಳಿಗೆ ಆ ಎಡಬಲದ ಆಟ ಬಿಟ್ಟು ಬೇರೆ ಕೆಲಸವೂ ಇಲ್ಲ.

ಹಾಗಾದರೆ ಜಾನಕಿ ಎಲ್ಲಿದ್ದಾರೆ, ಬಿಸ್ಮಿಲ್ಲಾ ಖಾನರು ಎಲ್ಲಿದ್ದಾರೆ? ತಬಲಕ್ಕೊಂದು ಗೆರೆ, ಪಿಟೀಲುಗಳಿಗೊಂದು, ದನಿಗೊಂದು ಎಂದಿದ್ದರೆ ಮಕ್ಕಳಿಗೂ ತಿಳಿಯುತ್ತಿತ್ತು. ಇಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಮುಳ್ಳು ನಿಂತಿರುವುದು ಒಂದೇ ಕಡೆ. ನಡುವಿನಿಂದ ಇಷ್ಟು ಎಡಕ್ಕೆ ಅಥವಾ ಇಷ್ಟು ಬಲಕ್ಕೆ. ಮರುಕ್ಷಣ ಇನ್ನೊಂದು ಕಡೆ. ಹೀಗೆ ಒಂದರ ಹಿಂದೊಂದು ಬರುವ ಒಂಟಿ ಒಂಟಿ ಕದಲಿಕೆಗಳಿಂದ ಒಂದು ವಾದ್ಯವೃಂದ, ಒಂದು ಹೆಣ್ಣುದನಿ, ಆ ದನಿಯೊಳಗಿನ ಅಳಲು, ಚರಣ ಮುಗಿದಾಗ ಎಳೆದುಕೊಂಡ ಉಸಿರು ಇಷ್ಟೂ ಹೊರಬರುತ್ತವೆ. ಇದನ್ನು ನನಗೆ ವಿವರಿಸಿದವರಿದ್ದಾರೆ. ಅಲೆಗಳು ಒಂದರ ಮೇಲೊಂದು ಕೂಡಿಕೊಂಡು ಒಂದೇ ಅಲೆಯಾಗುವ ಗಣಿತವನ್ನು ನಾನೂ ಓದಿ ತಿಳಿದುಕೊಂಡಿದ್ದೇನೆ. ತಿಳಿದುಕೊಂಡ ಮೇಲೆ ಅಚ್ಚರಿ ಇಳಿಯಬೇಕಿತ್ತು. ನನ್ನಲ್ಲಿ ಅದು ಬೆಳೆಯುತ್ತ ಹೋಯಿತು.

ಆ ಕಾಲದ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಹಾಡುವವರೂ ನುಡಿಸುವವರೂ ಒಟ್ಟಿಗೇ ನಿಲ್ಲಬೇಕು. ಪಿಟೀಲಿನ ಸಾಲಿನ ಕೊನೆಯವನು ಒಂದು ಸ್ವರ ತಪ್ಪಿದರೂ ಎಲ್ಲರೂ ಮೊದಲಿನಿಂದ. ಪಿ.ಬಿ. ಶ್ರೀನಿವಾಸ್ ಅವರ ಆ ನಿರಾಳ ದನಿಯ ಹಿಂದೆ ಎಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದರೋ ಎಂದು ಹಾಡು ಕೇಳುವಾಗೆಲ್ಲ ನೆನೆಯುತ್ತೇನೆ. ಅಲ್ಲಿಂದ ಹಾಡು ಕಲ್ಕತ್ತೆಯ ಡಮ್‌ಡಮ್‌ಗೆ ಹೋಗಬೇಕು. ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿ. ಮೆತ್ತನೆಯ ಪದರದ ಮೇಲೆ ಕೊರೆದ ಗೆರೆಯಿಂದ ಲೋಹದ ಅಚ್ಚು ತೆಗೆಯುತ್ತಾರೆ. ಅಚ್ಚಿನಲ್ಲಿ ಗೆರೆ ಏರಾಗಿರುತ್ತದೆ, ತಗ್ಗಲ್ಲ. ಕಾಯಿಸಿದ ಕಪ್ಪು ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಎರಡೂ ಬದಿಯ ಹಾಡು ಒಂದೇ ಏಟಿಗೆ ಮೂಡಿತು. ಮದರಾಸಿನಲ್ಲಿ ಹಾಡಿದ್ದು ಬಂಗಾಳದಲ್ಲಿ ಅಚ್ಚಾಗಿ ರೈಲು ಹತ್ತಿ, ಹೊಸಪೇಟೆಯ ಅಂಗಡಿಗೋ ಕಂಪ್ಲಿಯ ಮೈಕ್‌ಸೆಟ್ಟಿನವರ ಮರದ ಪೆಟ್ಟಿಗೆಗೋ ಬಂದು ಸೇರುತ್ತಿತ್ತು.

ನನ್ನ ಬಳಿ ಇರುವವುಗಳಲ್ಲಿ ಹೆಚ್ಚಿನವು ಹಾಗೆ ಮೈಕ್‌ಸೆಟ್ಟಿನವರ ಕೈಯಲ್ಲಿ ಆಯುಷ್ಯ ಸವೆಸಿದವು. ಮನೆಯಲ್ಲಿ ಪ್ಲೇಯರ್ ಇಟ್ಟುಕೊಳ್ಳುವಷ್ಟು ಉಳ್ಳವರು ನಮ್ಮ ಕಡೆ ಎಷ್ಟು ಜನ ಇದ್ದಾರು? ಹಾಡು ಊರಿನ ಪಾಲಿಗೆ ಬರುತ್ತಿದ್ದುದು ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ. ಮದುವೆಗೆ, ತೊಟ್ಟಿಲಿಗೆ, ಗಣಪತಿಗೆ, ಲಕ್ಷ್ಮೀನಾರಾಯಣ ಆಂಜನೇಯರ ಜೋಡಿ ತೇರಿಗೆ. ಟೂರಿಂಗ್ ಟಾಕೀಸಿನವರು ಟಿಕೆಟು ಕೊಡುವ ಮುಂಚೆ ಘಂಟಸಾಲರ ವೆಂಕಟೇಶನ ಹಾಡು ಹಾಕುತ್ತಿದ್ದರು. ಅದು ಕಿವಿಗೆ ಬಿತ್ತೆಂದರೆ ಉಣ್ಣುತ್ತಿದ್ದ ತಾಟು ಬಿಟ್ಟು ಓಡುತ್ತಿದ್ದೆವು. 'ಶೋಲೆ'ಯ ಮಾತುಗಳ ಪ್ಲೇಟು ಬಂದ ಮೇಲಂತೂ ಹಿಂದಿ ಅರಿಯದ ಹುಡುಗರೂ ಗಬ್ಬರ್ ಸಿಂಗನ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು.

1980ರ ದಶಕದಲ್ಲಿ ಕ್ಯಾಸೆಟ್ಟು ಬಂತು, ಪೆಟ್ಟಿಗೆಗಳು ಅಟ್ಟ ಸೇರಿದವು. ಕೆಲವನ್ನು ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಹೂವಿನ ಬುಟ್ಟಿ ಮಾಡಿ ಗೋಡೆಗೆ ತೂಗುಹಾಕಿದ್ದನ್ನೂ ಕಂಡಿದ್ದೇನೆ. ಮಾಡಿದವರನ್ನು ಬೈಯುವ ಮನಸ್ಸಿಲ್ಲ. ಆದರೆ ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ', ನೋಡಲು ಇವತ್ತು ಒಂದು ಪ್ರತಿಯೂ ಉಳಿದಿಲ್ಲ ಎಂಬುದನ್ನು ನೆನೆದಾಗ ಯಾವ ಪ್ಲೇಟನ್ನೂ ಅಲ್ಲಿಯೇ ಬಿಟ್ಟುಬರಲು ಕಾಲು ಏಳುವುದಿಲ್ಲ. ಹಂಪಿಯ ಮಣ್ಣಿನವನೆಂಬ ಅಭಿಮಾನಕ್ಕೆ ಮೊದಲು ಹುಡುಕಿದ್ದು 1970ರ 'ಶ್ರೀ ಕೃಷ್ಣದೇವರಾಯ', ಬಿ.ಆರ್. ಪಂತುಲು ಅವರ ಚಿತ್ರ, ಟಿ.ಜಿ. ಲಿಂಗಪ್ಪನವರ ಸಂಗೀತ. ಆಮೇಲೆ ಭೀಮಸೇನ ಜೋಶಿಯವರು ಹಾಡಿದ 'ಸಂಧ್ಯಾರಾಗ', ವಿಜಯಭಾಸ್ಕರ್ ಅವರ 'ಗೆಜ್ಜೆಪೂಜೆ', 'ನಾಗರಹಾವು', ರಾಜನ್-ನಾಗೇಂದ್ರರ 'ಎರಡು ಕನಸು'. ಗುಜರಿ ಅಂಗಡಿಯ ಹುಡುಗ ತೂಕಕ್ಕೆ ಹಾಕುವಾಗ, "ಇವನ್ನ ಏನ್ ಮಾಡ್ತೀರಿ ಸರ? ಹಾಡು ಎಲ್ಲಾ ಫೋನಿನಾಗ ಅದಾವಲ್ಲ" ಎಂದಿದ್ದ. ಖರೆ. ಇದಾವೆ, ಶುದ್ಧವಾಗಿಯೂ ಇದಾವೆ.

ಅವನಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳಬೇಕು. ಕಂಪ್ಲಿಯಿಂದ ಬಂದ ಒಂದು ದೊಡ್ಡ ಪ್ಲೇಟಿದೆ ನನ್ನಲ್ಲಿ, ರಾಜನ್-ನಾಗೇಂದ್ರರ ಆಯ್ದ ಹಾಡುಗಳದು. ಬೆಳಕಿಗೆ ಹಿಡಿದರೆ ಒಂದು ಬದಿಯ ಮೂರನೆಯ ಹಾಡಿನ ಪಟ್ಟಿ ಮಾತ್ರ ಬೂದಿ ಬಣ್ಣ. ಉಳಿದವು ಕರಿದ್ರಾಕ್ಷಿಯ ಹಾಗೆ ಮಿರುಗುತ್ತವೆ. ಜನ ಕೇಳಿ ಕೇಳಿ, ಮೈಕ್‌ಸೆಟ್ಟಿನವನು ಅದನ್ನೇ ಹಾಕಿ ಹಾಕಿ, ಮುಳ್ಳು ಗೆರೆಯ ಗೋಡೆಗಳನ್ನು ತೇದುಬಿಟ್ಟಿದೆ. ಆ ಹಾಡು ಈಗ ಸರಿಯಾಗಿ ಕೇಳುವುದಿಲ್ಲ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿದೆ. ಎಷ್ಟು ಮದುವೆ, ಎಷ್ಟು ಜಾತ್ರೆಯ ರಾತ್ರಿ ಆ ಬೂದಿ ಬಣ್ಣದಲ್ಲಿವೆಯೋ. ಹಾಡಿದವರ ಗುರುತು ಗೆರೆಯಲ್ಲಿ ಹೇಗೆ ಇದೆಯೋ, ಕೇಳಿದವರ ಗುರುತೂ ಅದೇ ಗೆರೆಯಲ್ಲೇ ಇದೆ. ಫೋನಿನ ಹಾಡನ್ನು ಸಾವಿರ ಸಲ ಕೇಳಿದರೂ ಅದರ ಮೇಲೆ ನನ್ನ ಗುರುತು ಬೀಳುವುದಿಲ್ಲ.

ತೇದ ಜಾಗ ಎಂದಾಗ ನನಗೆ ಬಳ್ಳಾರಿಯ ಹತ್ತಿರದ ಗುಡ್ಡ ನೆನಪಾಗುತ್ತದೆ. ಸಂಗನಕಲ್ಲು, ಕಪ್ಪಗಲ್ಲು ಊರುಗಳ ನಡುವಿನ ಆ ಗುಡ್ಡಗಳಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆ, ದನ ಮೇಯಿಸಿಕೊಂಡು, ಕಲ್ಲಿನ ಕೊಡಲಿ ತಿದ್ದಿಕೊಂಡು ಬದುಕಿದವರಿದ್ದರು. ಅವರು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಉದ್ದ ಕೊಂಬಿನ ಎತ್ತುಗಳು ಇನ್ನೂ ಇವೆ. ಚಿತ್ರಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಗುಡ್ಡದ ಕರಿಕಲ್ಲುಗಳಲ್ಲಿ ಕೆಲವನ್ನು ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂತೆ ದನಿ ಬರುತ್ತದೆ. ಎಲ್ಲಿ ಬಡಿದರೆ ದನಿ ಬರುತ್ತದೋ ಅಲ್ಲಿ ನುಣ್ಣನೆಯ ಕುಳಿಗಳು ಬಿದ್ದಿವೆ. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಬರೆದಿಟ್ಟ. ಆಮೇಲೆ ಬಹಳ ಕಾಲ ಹೆಚ್ಚು ಜನಕ್ಕೆ ನೆನಪಿರಲಿಲ್ಲ. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ಸಂಶೋಧಕಿ ಮತ್ತೆ ಲೋಕದ ಕಿವಿಗೆ ಹಾಕಿದರು. ಅಷ್ಟರಲ್ಲಿ ಕಲ್ಲು ಕ್ವಾರಿಗಳು ಗುಡ್ಡದ ಬುಡಕ್ಕೆ ಬಂದಿದ್ದವು.

ಹಂಪಿಯ ವಿಜಯವಿಠ್ಠಲ ಗುಡಿಯ ಕಂಬಗಳ ದನಿಯನ್ನು ಲೋಕವೇ ಬಲ್ಲದು. ಕಪ್ಪಗಲ್ಲಿನದು ಅದಕ್ಕೂ ಎಷ್ಟೋ ಹಳೆಯದು. ಕುಳಿಯಲ್ಲಿ ಬೆರಳಿಟ್ಟರೆ ಒಳಗೆ ಹಾಲುಗಲ್ಲದಷ್ಟು ನಯ. ಎಷ್ಟು ತಲೆಮಾರು ಬಡಿದರೆ ಆ ಕರಿಕಲ್ಲು ಹಾಗೆ ಸವೆದೀತು! ಅವರು ಏನು ಹಾಡಿದರೋ, ಯಾರಿಗಾಗಿ ಬಡಿದರೋ, ಕುಣಿತವಿತ್ತೋ, ಸಾವಿತ್ತೋ, ಒಂದೂ ಉಳಿದಿಲ್ಲ. ಇಲ್ಲಿ ಬಡಿ ಎನ್ನುವುದು ಮಾತ್ರ ಉಳಿದಿದೆ. ಕಲ್ಲು ಕೈಗೆತ್ತಿಕೊಂಡು ನಾನೂ ಒಮ್ಮೆ ಅಲ್ಲಿಯೇ ಬಡಿದೆ. ಅವರು ಕೇಳಿದ ಸದ್ದೇ ನನ್ನ ಕಿವಿಗೂ ಬಂತು.

ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ಎಪ್ಪತ್ತೆಂಟರ ಪ್ಲೇಟುಗಳಿದ್ದವಲ್ಲ, ಬಿದ್ದರೆ ಹಂಚಿನ ಹಾಗೆ ಚೂರಾಗುತ್ತಿದ್ದವು, ಅವನ್ನು ಮಾಡುತ್ತಿದ್ದುದೂ ಹೆಚ್ಚಿನ ಪಾಲು ಕಲ್ಲಿನ ಪುಡಿಯಿಂದಲೇ. ಪುಡಿಯನ್ನು ಹಿಡಿದಿಡಲು ಅರಗು. ಮುತ್ತುಗದ ಮರಕ್ಕೆ, ಬೋರೆ ಗಿಡಕ್ಕೆ ಅಂಟಿಕೊಂಡ ಪುಟ್ಟ ಹುಳಗಳು ತಮ್ಮ ರಕ್ಷಣೆಗೆಂದು ಸುರಿಸಿಕೊಂಡ ಅಂಟು ಅದು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗೂ ಅದೇ. ಇಂಗ್ಲೆಂಡಿನಲ್ಲಿ ಎಪ್ಪತ್ತೆಂಟರ ಪ್ಲೇಟು ನಿಂತುಹೋದ ಮೇಲೂ ಡಮ್‌ಡಮ್‌ನಲ್ಲಿ ಕೆಲವು ವರ್ಷ ಅಚ್ಚಾಗುತ್ತಲೇ ಇತ್ತು, ಏಕೆಂದರೆ ನಮ್ಮಲ್ಲಿ ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಟ್ಟು ತಿರುಗಿಸುವ ಪೆಟ್ಟಿಗೆಗಳು ಇನ್ನೂ ಇದ್ದವು. ಹುಳದ ಅಂಟು, ಕಲ್ಲಿನ ಹುಡಿ, ಒಂದಿಷ್ಟು ಮಸಿ. ಇದರ ಮೇಲೆ ಒಂದು ಗೆರೆ ಎಳೆದದ್ದಕ್ಕೆ ನಮ್ಮ ಹಿರಿಯರು ಕಣ್ಣೊರೆಸಿಕೊಂಡರು.

'ಸನಾದಿ ಅಪ್ಪಣ್ಣ' ತೆರೆಗೆ ಬಂದ 1977ರಲ್ಲೇ ಇನ್ನೊಂದು ಪ್ಲೇಟು ಭೂಮಿಯನ್ನೇ ಬಿಟ್ಟು ಹೊರಟಿತು. ವಾಯೇಜರ್ ನೌಕೆಗಳೆರಡಕ್ಕೂ ಅಮೆರಿಕದವರು ಚಿನ್ನದ ನೀರು ಕುಡಿಸಿದ ತಾಮ್ರದ ಪ್ಲೇಟು ಕಟ್ಟಿ ಕಳಿಸಿದರು. ಅದರಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ವಾಯೇಜರ್-1 ಹಾರಿದ ಸೆಪ್ಟೆಂಬರಿನಲ್ಲೇ ಕೇಸರಬಾಯಿ ತೀರಿಕೊಂಡರು. ಪ್ಲೇಟಿನ ಜೊತೆಗೆ ಮುಳ್ಳನ್ನೂ ಇಟ್ಟು, ಹೇಗೆ ತಿರುಗಿಸಬೇಕು, ಮುಳ್ಳು ಎಲ್ಲಿ ಇಡಬೇಕು ಎಂಬುದನ್ನು ಮುಚ್ಚಳದ ಮೇಲೆ ಚಿತ್ರ ಕೊರೆದು ತಿಳಿಸಿದ್ದಾರೆ. 2012ಕ್ಕೆ ವಾಯೇಜರ್-1 ಸೂರ್ಯನ ಗಾಳಿಯ ಎಲ್ಲೆಯನ್ನೂ ದಾಟಿತು. ಅದನ್ನು ಎತ್ತಿಕೊಳ್ಳುವವರು ಎಲ್ಲಿಯಾದರೂ ಇದ್ದರೆ, ಮುಳ್ಳನ್ನೂ ಸರಿಯಾಗಿಯೇ ಇಟ್ಟರು ಎಂದುಕೊಳ್ಳೋಣ. ಮುಳ್ಳು ತುಯ್ಯುತ್ತದೆ, ಗಾಳಿ ಇದ್ದರೆ ಗಾಳಿಯೂ ತುಯ್ಯುತ್ತದೆ. ಭೈರವಿ ಕೇಳಿಸೀತೆ? ನನಗೆ ಆ ಭರವಸೆ ಇಲ್ಲ. ಗೆರೆಯಲ್ಲಿ ಇರುವುದು ಕದಲಿಕೆ. ಅದನ್ನು ಬಿಡಿಸಿ ಇದು ತಂಬೂರಿ, ಇದು ತಾಯಿಯೊಬ್ಬಳ ದನಿ ಎಂದು ವಿಂಗಡಿಸುವವರು ಬೇಕಲ್ಲ.

ಆ ವಿಂಗಡಣೆ ಎಷ್ಟು ಕಷ್ಟದ್ದು ಎಂಬುದಕ್ಕೆ ಕೆನಡಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬ್ರೆಗ್ಮನ್ 1990ರ ತಮ್ಮ ಪುಸ್ತಕದಲ್ಲಿ ಒಂದು ಹೋಲಿಕೆ ಕೊಟ್ಟಿದ್ದಾರೆ. ಕೆರೆಯ ದಂಡೆಯಲ್ಲಿ ಎರಡು ಕಿರುಗಾಲುವೆ ತೋಡಬೇಕು, ಒಂದೊಂದರ ನಡುವೆ ಒಂದು ಬಟ್ಟೆ ಕಟ್ಟಬೇಕು. ಕೆರೆಯ ಕಡೆಗೆ ನೋಡದೆ, ಆ ಎರಡು ಬಟ್ಟೆಗಳು ಅಲುಗಾಡುವುದನ್ನಷ್ಟೇ ನೋಡುತ್ತ ಹೇಳಬೇಕು: ಕೆರೆಯಲ್ಲಿ ದೋಣಿಗಳೆಷ್ಟು, ಯಾವುದು ಹತ್ತಿರ, ಯಾವುದು ದೂರ, ಗಾಳಿ ಬೀಸುತ್ತಿದೆಯೇ, ನೀರಿಗೆ ಏನಾದರೂ ಬಿತ್ತೇ. ಕಿವಿ ಮಾಡುವ ಕೆಲಸ ಅದು. ಇದನ್ನು ಓದಿದ ಸಂಜೆ ನಾನು ತುಂಗಭದ್ರೆಯ ಹಿನ್ನೀರಿನ ಕಡೆ ನಡೆದುಹೋದೆ. ನಮ್ಮೂರಿಗೆ ಅದು ಬರೀ ನೀರಲ್ಲ. ಆಣೆಕಟ್ಟು ತುಂಬಿದಾಗ ನಾರಾಯಣದೇವರಕೆರೆ ಮುಳುಗಿತು, ಅಲ್ಲಿಯ ಜನ ತಮ್ಮ ದೇವರನ್ನು ಹೊತ್ತುಕೊಂಡು ಇಲ್ಲಿಗೆ ಬಂದರು. ಎರಡು ಹರಿಗೋಲು ದೂರದಲ್ಲಿದ್ದವು, ಬಲೆಯವರು ಏನೋ ಕೂಗಿಕೊಳ್ಳುತ್ತಿದ್ದರು. ದಂಡೆಗೆ ಬಂದು ಕಾಲಿಗೆ ಬಡಿಯುತ್ತಿದ್ದ ಅಲೆಯನ್ನು ಬಹಳ ಹೊತ್ತು ನೋಡಿದೆ. ಅದರಿಂದ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಒಬ್ಬ ಮುದುಕ, ಒಬ್ಬ ಹುಡುಗ, ನೀರಿಗೆ ಬಿದ್ದ ಹುಟ್ಟು, ಹಿಂದೆ ಹೆದ್ದಾರಿಯ ಲಾರಿ ಎಲ್ಲ ಬೇರೆಬೇರೆಯಾಗಿ ಬಂದು ನಿಂತವು. ಗಾಳಿಯಲ್ಲಿಯೂ ನನ್ನ ಕಿವಿಯ ತಮಟೆಗೆ ತಟ್ಟಿದ್ದು ಒಂದೇ ಕದಲಿಕೆ. ಪ್ಲೇಟಿನ ಗೆರೆಗೂ ಗಾಳಿಗೂ ಅಷ್ಟು ಹತ್ತಿರದ ನಂಟು. ಹುಟ್ಟಿದ ದಿನದಿಂದ ಒಂಟಿ ಗೆರೆಯನ್ನೇ ಬಿಡಿಸಿ ಬಿಡಿಸಿ ಲೋಕವನ್ನು ಕೇಳುತ್ತ ಬಂದಿದ್ದೇನೆ.

ಪ್ಲೇಟಿಲ್ಲದೆಯೂ ಹಾಡು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಮಂಜಮ್ಮ ಜೋಗತಿಯವರು ಎಲ್ಲಮ್ಮನ ಪದಗಳನ್ನು ಕಲಿತದ್ದು ಕಾಳವ್ವ ಜೋಗತಿಯವರ ಮಗ್ಗುಲಲ್ಲಿ ಕೂತು, ಚೌಡಿಕೆಯ ತಂತಿಯ ಜೊತೆ ಜೊತೆಗೆ. ಅಲ್ಲಿ ಗೆರೆ ಬಿದ್ದದ್ದು ಯಾವುದರ ಮೇಲೆ ಎಂದು ಯಾರೂ ತೋರಿಸಲಾರರು.

ಪ್ಲೇಟು ತೊಳೆದ ದಿನದ ಮಾತಿಗೆ ಬರುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದೆ. ದೂಳು ಪೂರ್ತಿ ಹೋಗಿರಲಿಲ್ಲ. ಆದರೂ ಸನಾದಿ ಎದ್ದಿತು. ಓಣಿಯ ಆಚೆ ಮನೆಯ ಚಿಗವ್ವ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ಹೊಸ್ತಿಲ ಮೇಲೆ ಕೂತಳು. ವರ್ಷಗಟ್ಟಲೆ ನಾಟಕದಲ್ಲಿ ಬಣ್ಣ ಹಚ್ಚಿದ ಜೀವ. ಈಗ ಎಪ್ಪತ್ತು ದಾಟಿದೆ, ಕಣ್ಣು ಮಂಜು. ಸುಮ್ಮನೆ ಕೇಳುತ್ತಾಳೆ ಅಂದುಕೊಂಡೆ. ಚರಣ ಶುರುವಾದದ್ದೇ ಅವಳು ಸಣ್ಣ ದನಿಯಲ್ಲಿ ಹಾಡತೊಡಗಿದಳು, ಜಾನಕಿಯವರ ಜೊತೆ ಜೊತೆಗೆ. ಮಾತು ಮಾತ್ರ ಬೇರೆ.

ನಾನು ಮುಳ್ಳು ಎತ್ತಲು ಹೋದೆ. "ತೆಗೀಬ್ಯಾಡ ತಮ್ಮಾ" ಎಂದು ಕೈ ತೋರಿಸಿದಳು. ಹಾಡು ಮುಗಿದು ಮುಳ್ಳು ಕೊನೆಯ ಸುತ್ತಿನಲ್ಲಿ ಟಿಕ್ ಟಿಕ್ ಎನ್ನುತ್ತಿದ್ದಾಗ ಹೇಳಿದಳು: "ಇದು ನಿಮ್ಮಪ್ಪ ನನಗ ಹೇಳಿಕೊಟ್ಟ ಪದ. ಗಂಡ ದೇಶಾಂತರ ಹೋದ ಸೀನಿಗೆ ಕಟ್ಟಿದ್ದ. ಈ ಧಾಟಿ ಮ್ಯಾಲೆ."

ಅಪ್ಪನ ಪದಗಳ ಪುಸ್ತಕ ನಮ್ಮ ಮನೆಯಲ್ಲಿ ಉಳಿದಿಲ್ಲ. ಅವರು ತೀರಿಕೊಂಡ ವರ್ಷದ ಮಳೆಗೆ ಅಟ್ಟ ಸೋರಿ ಎಲ್ಲ ಮುದ್ದೆಯಾಗಿತ್ತು. ಅವರು ಕಟ್ಟಿದ ಒಂದು ಪದವೂ ಎಲ್ಲಿಯೂ ಇಲ್ಲ ಎಂದು ನಾನು ನಂಬಿದ್ದೆ. ಮದರಾಸಿನಲ್ಲಿ ಹಾಡಿ ಡಮ್‌ಡಮ್‌ನಲ್ಲಿ ಒತ್ತಿದ ಆ ಗೆರೆಯಲ್ಲಿ ಅಪ್ಪನ ಒಂದಕ್ಷರವೂ ಇಲ್ಲ. ಆದರೂ ಮುಳ್ಳು ಅದರ ಮೇಲೆ ಓಡಿದ್ದಕ್ಕೇ ಅವರ ಮಾತು ಚಿಗವ್ವನ ಬಾಯಿಗೆ ಬಂತು.

"ಎರಡನೇ ನುಡಿ ನೆನಪಾಗವಲ್ದು. ಇನ್ನೊಮ್ಮೆ ಹಚ್ಚು" ಅಂದಳು.

ಹಚ್ಚಿದೆ. ಸಿಗಲಿಲ್ಲ. ತುಟಿ ಅಲುಗಿಸುತ್ತ, ಬೆರಳಲ್ಲಿ ಹೊಸ್ತಿಲ ಮೇಲೆ ತಾಳ ಹಾಕುತ್ತ ಕೂತಿದ್ದಳು. ಮಗಳ ಶಾಲೆಯ ಪಟ್ಟಿಯೊಂದನ್ನು ತಂದು, ಪೆನ್ನು ಬಿಚ್ಚಿ ಅವಳ ಮಗ್ಗುಲಿಗೆ ಕೂತೆ. ಮೂರನೇ ಸಲ ಮುಳ್ಳು ಇಳಿಸಿದಾಗ, ಸನಾದಿ ಒಂದು ಎಳೆ ಎಳೆದು ನಿಲ್ಲಿಸುವ ಕಡೆ, ಅವಳ ತಾಳ ತಪ್ಪಿತು, ಹುಬ್ಬು ಮೇಲೆ ಹೋಯಿತು.

"ಬಂತು, ಬರಕೋ" ಎಂದಳು ಚಿಗವ್ವ.